ಕಾಕುವಿನ ಸ್ಟೋವಿನ ಸಪ್ಪಳ

ನಮ್ಮ ಕಾಕುವಿನ ಎಡಗಿವಿಯ ಬುಗುಡಿಯ ಮುತ್ತು ಫಳಫಳ ಹೊಳೆಯುತ್ತಿತ್ತು, ಬಲಗಿವಿಯದು ಮಾತ್ರ ಮಂಕಾಗಿ ಹಳದಿ ಬಿದ್ದಿತ್ತು. ಎರಡನ್ನೂ ಒಬ್ಬನೇ ಅಕ್ಕಸಾಲಿಗ ಒಟ್ಟಿಗೇ ಮಾಡಿಕೊಟ್ಟದ್ದು. ಬಲಗಿವಿಯದಕ್ಕೆ ಅನ್ನದ ಪಾತ್ರೆಯ ಹಬೆ ವರ್ಷಗಟ್ಟಲೆ ಬಡಿದಿತ್ತು, ಅಷ್ಟೇ ವ್ಯತ್ಯಾಸ. ಅನ್ನ ಆಯಿತೋ ಇಲ್ಲವೋ ಎಂದು ಕಾಕು ಮುಚ್ಚಳ ತೆಗೆದು ನೋಡಿದವಳಲ್ಲ, ಅಗುಳು ಹಿಚುಕಿದವಳೂ ಅಲ್ಲ. ಸೆರಗು ಹಿಂದಕ್ಕೆ ಸರಿಸಿ, ಬಲಗಿವಿಯನ್ನು ಪಾತ್ರೆಯ ಹತ್ತಿರ ಒಯ್ದು ಕೇಳುತ್ತಿದ್ದಳು. ಪಂಪಿನ ಸ್ಟೋವಿನ ಭರಾಟೆಯೊಳಗೆ ನೀರಿನ ಸಪ್ಪಳ ಕೇಳಬೇಕಾದರೆ ಕಿವಿಯನ್ನು ಅಷ್ಟು ಹತ್ತಿರ ಒಯ್ಯಲೇಬೇಕಿತ್ತು. ನೀರು ಗುಳುಗುಳು ಅನ್ನುವುದು ನಿಂತು ಚಿಟಿಚಿಟಿ ಶುರುವಾಯಿತೆಂದರೆ ಅವಳ ಕೈ ತಾನಾಗಿ ಸ್ಟೋವಿನ ಕೀಲಿಗೆ ಹೋಗುತ್ತಿತ್ತು.

ಕಾಕು ಎಂದರೆ ನನ್ನ ಅಪ್ಪನ ತಮ್ಮನ ಹೆಂಡತಿ. ನನ್ನ ಹಡೆದವ್ವ ನಾನು ತೊಟ್ಟಿಲಲ್ಲಿರುವಾಗಲೇ ಹೋದಳು. ಅಪ್ಪ ಮೂಡಲಗಿಯಲ್ಲಿ ಸಾಲಿ ಮಾಸ್ತರ, ಅಲ್ಲೇ ಇರುತ್ತಿದ್ದ. ಹುಕ್ಕೇರಿಯ ಮನೆಯಲ್ಲಿ ಅಜ್ಜಿ, ಅವಳನ್ನು ನಾವು ಆಯಿ ಅನ್ನುತ್ತಿದ್ದೆವು, ಬೆಲ್ಲದ ವ್ಯಾಪಾರ ಮಾಡುತ್ತಿದ್ದ ಕಾಕಾ, ಕಾಕು ಮತ್ತು ನಾನು. ಕಾಕುವಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ ನನ್ನ ತಲೆಯ ಮೇಲೆ ಕೈಯಿಟ್ಟು, "ಇದೇನ್ ಕೂಸಲ್ಲೇನ, ಕುರಿಮರೀನ?" ಅನ್ನುತ್ತಿದ್ದಳು. ಕೇಳಿದವರ ಬಾಯಿ ಅಲ್ಲಿಗೆ ಬಂದ್ ಆಗುತ್ತಿತ್ತು. ನನಗೆ ಎರೆದು, ಹೆರಳು ಹೆಣೆದು, ಉಣಿಸಿ, ಬೈದು ಬೆಳೆಸಿದವಳು ಅವಳೇ. ಅವಳನ್ನು ನನ್ನಷ್ಟು ಬಲ್ಲವರು ಯಾರೂ ಇಲ್ಲ ಎಂದೇ ನಾನು ತಿಳಿದಿದ್ದೆ. ಆ ತಿಳಿವಳಿಕೆಗೆ ಬಿದ್ದ ಪೆಟ್ಟಿನಿಂದ ನಾನು ಇಂದಿಗೂ ಸುಧಾರಿಸಿಕೊಂಡಿಲ್ಲ.

ನಮ್ಮದು ಜೋಳದ ಸೀಮೆ. ಆ ಕಾಲಕ್ಕೆ ಅನ್ನವೆಂದರೆ ಹಬ್ಬಕ್ಕೆ, ಬೀಗರಿಗೆ, ಇಲ್ಲವೇ ಜ್ವರ ಬಂದವರಿಗೆ. ಕಾಕುವಿನ ತವರು ಬೆಳಗಾವಿಯ ಆಚೆಯ ಗದ್ದೆಯ ಊರು. ಅಲ್ಲಿ ಬಾಸಮತಿ ಬೆಳೆಯುತ್ತಿದ್ದರು. ಸುಗ್ಗಿ ಮುಗಿದ ಮೇಲೆ ಅವಳ ಅಪ್ಪ ಒಂದು ಚೀಲ ಕಳಿಸುತ್ತಿದ್ದ. ಅದು ಬಂದರೆ ಇಡೀ ಓಣಿಗೆ ವಾಸನೆ. ಮದುವೆಯಾಗಿ ಬಂದ ಹೊಸತರಲ್ಲಿ ಅವಳನ್ನು ರೊಟ್ಟಿ ಬಡಿಯಲು ಕೂಡಿಸಿದರಂತೆ. ಮೊದಲ ರೊಟ್ಟಿ ಹಂಚಿನ ಮುಖ ನೋಡುವ ಮೊದಲೇ ಅಂಗೈಯಲ್ಲಿ ಹರಿದು ಎರಡಾಯಿತಂತೆ. ನೋಡಲು ಬಂದ ಓಣಿಯ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಆಯಿಗೆ ಸಿಟ್ಟು ಬಂತು, ಸೊಸೆಯ ಮೇಲಲ್ಲ, ನಕ್ಕವರ ಮೇಲೆ.

"ಅನ್ನದ ಊರಿನ ಕೂಸು ಅದು. ಆಕಿ ಯಾಕ ರೊಟ್ಟಿ ಬಡೀಬೇಕ? ಆಕಿಗಿ ದಿನಾ ಅನ್ನಾನ ಆಗಲಿ. ನಮ್ಮ ಮನ್ಯಾಗೇನ ಕಡಿಮಿ ಐತಿ?" ಅಂದಳಂತೆ ಆಯಿ.

ಆಯಿಯ ಬಾಯಿಂದ ಬಂದ ಮಾತು ನಮ್ಮ ಮನೆಯಲ್ಲಿ ಸರಕಾರದ ಹುಕುಮಿನಂತೆ. ಅಂದಿನಿಂದ ರೊಟ್ಟಿ ಆಯಿಯದು, ಅನ್ನ ಕಾಕುವಿನದು. ಆಯಿ ಕಟ್ಟಿಗೆಯ ಒಲೆಯ ಮುಂದೆ ಕೂತು ಕಾಗದದಷ್ಟು ತೆಳ್ಳಗೆ ರೊಟ್ಟಿ ಬಡಿಯುವಳು. ಕಾಕು ಒಳಗಿನ ಸಣ್ಣ ಅಡಿಗೆಮನೆಯಲ್ಲಿ ಅನ್ನ ಮಾಡುವಳು. ಭಾವಿಯ ಕಟ್ಟೆಯಲ್ಲಿ, ಗುಡಿಯಲ್ಲಿ, ಸಂತೆಯಲ್ಲಿ ಆಯಿ ಹೇಳುತ್ತಿದ್ದದ್ದು ಒಂದೇ ಮಾತು: ನಮ್ಮ ಸೊಸೆ ದಿನಾ ಅನ್ನ ಉಣ್ಣುತ್ತಾಳೆ, ಅದೂ ಬಾಸಮತಿ. ಬೇರೆ ಅತ್ತೆಯರು ಸೊಸೆಯ ಮೈಮೇಲಿನ ಬಂಗಾರ ಹೇಳಿಕೊಳ್ಳುತ್ತಿದ್ದರು, ನಮ್ಮ ಆಯಿ ಸೊಸೆಯ ತಾಟು ಹೇಳಿಕೊಳ್ಳುತ್ತಿದ್ದಳು.

ಕಾಕಾ ಕೊಲ್ಹಾಪುರಕ್ಕೆ ಬೆಲ್ಲ ಒಯ್ದಾಗ ಪಂಪಿನ ಸ್ಟೋವು ತಂದ. ಹಿತ್ತಾಳೆಯದು, ಹೊಟ್ಟೆ ದುಂಡಗೆ, ಹಚ್ಚಿದರೆ ಹಿಟ್ಟಿನ ಗಿರಣಿಯಂಥ ಸಪ್ಪಳ. ಆಯಿ ಅದರ ಹತ್ತಿರ ಸುಳಿಯಲಿಲ್ಲ. ಕಾಕು ಮಾತ್ರ ಅದನ್ನು ಒಂದೇ ದಿನದಲ್ಲಿ ಕಲಿತಳು. ಪಿನ್ನು ಚುಚ್ಚುವುದು, ಪಂಪು ಹೊಡೆಯುವುದು, ಕೀಲಿ ಸಡಿಲಿಸಿ ಗಾಳಿ ಬಿಟ್ಟು ಉರಿ ಇಳಿಸುವುದು, ಎಲ್ಲ ಅವಳಿಗೆ ಆಟ.

ಅನ್ನ ಮಾಡುವುದನ್ನು ನನಗೆ ಕಲಿಸಿದ್ದೂ ಅವಳೇ, ಆದರೆ ಅರ್ಧ ಮಾತ್ರ. ಹೊಸ ಅಕ್ಕಿ ಮುಟ್ಟುತ್ತಿರಲಿಲ್ಲ. ಬೇವಿನೆಲೆ ಹಾಕಿ ವರ್ಷ ಕಳೆದ ಅಕ್ಕಿಯೇ ಆಗಬೇಕು. ನಾನು ಅಕ್ಕಿ ತಿಕ್ಕಿ ತೊಳೆದರೆ ಕೈಮೇಲೆ ಚಟ್ಟನೆ ಹೊಡೆದು, "ಮೆಲ್ಲಕ. ಅದೇನ್ ನಿಮ್ಮ ಕಾಕಾನ ಧೋತರಲ್ಲ" ಅನ್ನುವಳು. ತೊಳೆದ ನೀರು ತಿಳಿಯಾಗುವ ತನಕ ಬಸಿದು ಎಮ್ಮೆಗೆ ಇಡುವುದು. ಆಮೇಲೆ ನೆನೆಸುವುದು. ಗಾಜಿನ ಹಾಗಿದ್ದ ಕಾಳು ಹಾಲಿನ ಹಾಗೆ ಬೆಳ್ಳಗಾದಾಗ ನೀರು ಬಸಿದು, ಪಾತ್ರೆಯಲ್ಲಿ ಅಕ್ಕಿಯ ಮೇಲೆ ಬೆರಳಿನ ಒಂದು ಗೆಣ್ಣು ನೀರು, ಉಪ್ಪು, ಒಂದು ಚಮಚೆ ತುಪ್ಪ, ನಾಲ್ಕು ಹನಿ ಲಿಂಬೆರಸ. ಜೋರು ಉರಿಯಲ್ಲಿ ಕುದಿ ಬರಬೇಕು. ಕುದಿ ಬಂದ ಮೇಲೆ ಸೌಟು ಆಡಿಸಕೂಡದು, ಕಾಳು ಮುರಿಯುತ್ತದೆ. ಅಷ್ಟಾದ ಮೇಲೆ ಮುಚ್ಚಳ.

ಮುಚ್ಚಳ ಮುಚ್ಚಿದ ಕೂಡಲೇ ನನ್ನನ್ನು ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಇನ್ನು ಅನ್ನ ಆಗುವ ತನಕ ಯಾರೂ ಒಳಗೆ ಹೋಗಕೂಡದು. ಗಾಳಿ ಬಂದರೆ ಉರಿ ಅಲುಗುತ್ತದೆ, ಉರಿ ಅಲುಗಿದರೆ ಅನ್ನ ಕೆಡುತ್ತದೆ ಅನ್ನುವಳು. ನಾನು ಹಟ ಮಾಡಿದರೆ ಅವಳದೊಂದು ಮಾತು ಸಿದ್ಧವಾಗಿತ್ತು.

"ಹಡಿಯಾಕಿ ಖೋಲಿ ಬಾಗಲಾ ಸಾರಿ ಸಾರಿಗಿ ತಗೀತಾರೇನ? ಹೊರಗ ನಡಿ."

ಒಳಗೆ ಸ್ಟೋವು ಭರ್ರ್ ಎಂದು ಉರಿಯುತ್ತಿತ್ತು, ನಾವು ಹೊರಗೆ ವಾಸನೆ ಕುಡಿಯುತ್ತ ಕೂಡುತ್ತಿದ್ದೆವು. ಇನ್ನೂ ಒಂದು ವಿಚಿತ್ರವಿತ್ತು. ಅನ್ನದ ಪಾತ್ರೆ ಇಳಿಸಿ ಉಬ್ಬಲು ಬಿಟ್ಟ ಮೇಲೂ ಅವಳು ಸ್ಟೋವು ಆರಿಸುತ್ತಿರಲಿಲ್ಲ. ಮತ್ತೆ ಪಂಪು ಹೊಡೆದು ಜೋರು ಮಾಡುತ್ತಿದ್ದಳು. ಆಯಿ ಹೊರಗಿನಿಂದ, ಎಣ್ಣೆ ದಂಡ, ಎಣ್ಣೆ ದಂಡ ಎಂದು ಗೊಣಗುವಳು. ಸಾರು ಬಿಸಿ ಮಾಡುತ್ತಿದ್ದೇನೆ ಎಂದು ಒಳಗಿನಿಂದ ಉತ್ತರ ಬರುವುದು. ಕೊನೆಗೆ ಬಾಗಿಲು ತೆರೆದಾಗ ಅನ್ನದ ಒಂದೊಂದು ಅಗುಳೂ ಬೇರೆ ಬೇರೆ, ಉದ್ದಕ್ಕೆ, ಮಲ್ಲಿಗೆ ಮೊಗ್ಗು ಬಿಚ್ಚಿ ಹರವಿದಂತೆ.

ಹತ್ತರಗಿಯ ದೊಡ್ಡ ರಸ್ತೆಯಲ್ಲಿ ಮೋಟಾರಿನಿಂದ ಇಳಿದು ನಿಪ್ಪಾಣಿ, ಕೊಲ್ಹಾಪುರದ ವ್ಯಾಪಾರಸ್ಥರು ಕಾಕಾನನ್ನು ಕಾಣಲು ಬರುತ್ತಿದ್ದರು. ಬೆಲ್ಲದ ಮಾತು ನೆಪ, ಅನ್ನ ಉಣ್ಣಲು ಬರುತ್ತಿದ್ದರು ಎಂದು ನನ್ನ ಗುಮಾನಿ. ಕಾಕಾ ಅವರ ಮುಂದೆ ಒಂದು ಹಿಡಿ ಅನ್ನ ಎತ್ತಿ ತಾಟಿಗೆ ಉದುರಿಸಿ ತೋರಿಸುವನು. ನಮ್ಮ ಮನೆಯ ಅಗುಳು ಒಂದೇ ಮನೆಯ ನೆಗೆಣ್ಣಿಯರಿದ್ದ ಹಾಗೆ, ಒಂದಕ್ಕೊಂದು ಹತ್ತುವುದಿಲ್ಲ ಎಂದು ನಗಿಸುವನು. ಬಾಗಿಲ ಹಿಂದೆ ನಿಂತ ಕಾಕುವೂ ನಗುವಳು. ಗಂಡಸರ ಪಂಕ್ತಿ ಮುಗಿದು, ಆಯಿಯದು ನನ್ನದು ಮುಗಿದ ಮೇಲೆ ಅವಳು ತನ್ನ ತಾಟು ತೆಗೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದಳು. ತಾಟಿನಲ್ಲಿ ಅನ್ನ ಇರುತ್ತಿತ್ತು. ಅದನ್ನು ನಾನೇ ಬಡಿಸಿದ ದಿನಗಳೂ ಇವೆ.

ಅಂದು ಮಧ್ಯಾಹ್ನ ಇಬ್ಬರು ವ್ಯಾಪಾರಸ್ಥರು ಉಣ್ಣಲು ಕೂತಿದ್ದರು. ನನಗಾಗ ಮದುವೆಯ ಮಾತು ನಡೆಯುವ ವಯಸ್ಸು. ಎಲೆ ಹಾಕಿ, ಉಪ್ಪಿನಕಾಯಿ ಬಡಿಸಿ ಅಡಿಗೆಮನೆಯ ಬಾಗಿಲ ಹತ್ತಿರ ಕಾಯುತ್ತ ನಿಂತಿದ್ದೆ. ಒಳಗೆ ಸ್ಟೋವು ಉರಿಯುತ್ತಿತ್ತು. ಬಹಳ ಹೊತ್ತಾಯಿತು. ಆಮೇಲೆ ಒಂದು ವಾಸನೆ ಬಂತು. ಅದು ಏನೆಂದು ನಮಗೆ ಯಾರಿಗೂ ಮೊದಲು ತಿಳಿಯಲಿಲ್ಲ, ಏಕೆಂದರೆ ಆ ಮನೆಯಲ್ಲಿ ಅನ್ನ ಹೊತ್ತಿದ ವಾಸನೆಯನ್ನು ನಾವು ಎಂದೂ ಕಂಡಿರಲಿಲ್ಲ. ಕಾಕಾ ಎದ್ದು ನಿಂತ. ಆದರೂ ಬಾಗಿಲು ಮುಟ್ಟಲಿಲ್ಲ. ನಾನೂ ಮುಟ್ಟಲಿಲ್ಲ. ಮುಚ್ಚಳ ಮುಚ್ಚಿದ ಮೇಲೆ ಬಾಗಿಲು ತೆಗೆಯಕೂಡದು ಎಂಬುದು ನಮ್ಮ ಮೈಯಲ್ಲಿ ಅಷ್ಟು ಇಳಿದಿತ್ತು. ಕಡೆಗೆ ಆಯಿ ಬಂದು ನಮ್ಮಿಬ್ಬರನ್ನೂ ಸರಿಸಿ ಬಾಗಿಲು ದೂಡಿದಳು.

ಕಾಕು ಗೋಡೆಗೆ ಆನಿಕೊಂಡು ಕೂತಿದ್ದಳು. ಕಣ್ಣು ತೆರೆದಿತ್ತು. ತಲೆ ಪಾತ್ರೆಯ ಕಡೆಗೇ ಸ್ವಲ್ಪ ವಾಲಿತ್ತು, ಇನ್ನೂ ಕೇಳುತ್ತಿದ್ದಾಳೆ ಅನ್ನುವ ಹಾಗೆ. ಸ್ಟೋವು ಭರ್ರೆನ್ನುತ್ತಲೇ ಇತ್ತು. ಯಾರು ಆರಿಸಿದರೋ ನೆನಪಿಲ್ಲ. ಅದು ಆರಿದಾಗ ಬಿದ್ದ ಮೌನ ಮಾತ್ರ ನೆನಪಿದೆ. ಡಾಕ್ಟರು ಬಂದು ಎದೆಬಡಿತ ನಿಂತಿದೆ ಅಂದರು. ಆಯಿ ಸೊಸೆಯ ಸೀರೆ ಸರಿಪಡಿಸುವಾಗ ಮಡಿಲಿನಿಂದ ಜೋಳದ ರೊಟ್ಟಿಯ ಚೂರುಗಳು ಉದುರಿದವು. ಆಯಿ ಅವನ್ನು ಕೈಯಿಂದ ಝಾಡಿಸಿದಳು. ಜೋಳದ ಸೀಮೆಯ ಮನೆ, ರೊಟ್ಟಿಯ ಚೂರು ಎಲ್ಲಿ ಇರುವುದಿಲ್ಲ? ಅಳು ಬರಲಿಲ್ಲ ನನಗೆ. ಬೆಳಿಗ್ಗೆ ನನ್ನ ಹೆರಳು ಹಾಕಿದವಳು ಮಧ್ಯಾಹ್ನ ಇಲ್ಲ ಎಂದರೆ ಅದನ್ನು ಹೇಗೆ ನಂಬುವುದು? ಹೆರಳು ಇನ್ನೂ ಬಿಗಿಯಾಗಿಯೇ ಇತ್ತು.

ನಮ್ಮಲ್ಲಿ ಮೂರನೆಯ ದಿನ ಸತ್ತವರಿಗೆ ಇಷ್ಟವಾದ ಅಡಿಗೆಯನ್ನು ಬಾಳೆಲೆಯಲ್ಲಿ ಬಡಿಸಿ ಹಳ್ಳದ ದಂಡೆಯಲ್ಲಿ ಇಡುತ್ತಾರೆ. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡು ತೃಪ್ತರಾಗಿ ಹೋದಂತೆ. ಮುಟ್ಟದಿದ್ದರೆ ಏನೋ ಆಸೆ ಉಳಿದಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬಂದು, ಇದನ್ನು ಮಾಡುತ್ತೇವೆ, ಅದನ್ನು ಮಾಡುತ್ತೇವೆ ಎಂದು ಸತ್ತವರಿಗೆ ಮಾತು ಕೊಡಬೇಕು. ಕಾಕುವಿನ ಎಲೆಗೆ ಏನು ಮಾಡಬೇಕೆಂದು ಯಾರೂ ವಿಚಾರ ಮಾಡಲೇ ಇಲ್ಲ. ಬಾಸಮತಿ ಅನ್ನ, ಮತ್ತೇನು? ಮಾಡುವವಳು ನಾನೇ, ಅವಳ ಕೈಯಿಂದ ಕಲಿತವಳು.

ತೊಳೆದೆ, ನೆನೆಸಿದೆ, ಮುಚ್ಚಳ ಮುಚ್ಚಿದೆ, ಬಾಗಿಲು ಹಾಕಿಕೊಂಡೆ. ಆಮೇಲೆ ಮುಚ್ಚಿದ ಬಾಗಿಲೊಳಗೆ ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ಅವಳು ಇಷ್ಟು ಹೊತ್ತು ಇಲ್ಲಿ ಕೂತು ಏನು ಮಾಡುತ್ತಿದ್ದಳು? ಪಾತ್ರೆಗೆ ಕಿವಿ ಕೊಟ್ಟು ಕೂತೆ, ಕಿವಿ ಸುಟ್ಟಿತು. ಅನ್ನ ಚೆನ್ನಾಗಿಯೇ ಆಯಿತು.

ಹಳ್ಳದ ದಂಡೆಯಲ್ಲಿ ಎಲೆಯಿಟ್ಟು ನಾವೆಲ್ಲ ದೂರ ಸರಿದು ನಿಂತೆವು. ಜಾಲಿಯ ಗಿಡದ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಒಂದು ಇಳಿದು ಬಂತು, ಎಲೆಯ ಸುತ್ತ ನಡೆದು, ಅನ್ನವನ್ನು ಓರೆಗಣ್ಣಿನಿಂದ ನೋಡಿ ಹಾರಿಹೋಯಿತು. ಇನ್ನೊಂದೂ ಹಾಗೆಯೇ ಮಾಡಿತು. ಬಿಸಿಲು ಏರಿತು. ಕಾಕಾ ಮುಂದೆ ಹೋಗಿ ಕೈಮುಗಿದು, ಪೋರಿಯ ಲಗ್ನ ಚೊಲೊ ಮನೆ ನೋಡಿ ಮಾಡುತ್ತೇನೆ, ಅದರ ಚಿಂತೆ ಬಿಡು ಅಂದ. ಕಾಗೆ ಇಳಿಯಲಿಲ್ಲ. ಮೂಡಲಗಿಯಿಂದ ಬಂದಿದ್ದ ಅಪ್ಪ, ಮಗಳನ್ನು ಸಾಕಿದ ಋಣ ಮರೆಯುವುದಿಲ್ಲ ಎಂದು ಹೇಳಿ ಅತ್ತ. ಇಳಿಯಲಿಲ್ಲ. ಯಾರ ಮುಂದೆಯೂ ತಲೆ ಬಾಗಿಸದ ಆಯಿ ಸೆರಗೊಡ್ಡಿ ನಿಂತಳು. "ನಾ ಏನರ ಅಂದಿದ್ರ ಹೊಟ್ಯಾಗ ಹಾಕ್ಕೋ ನನ್ನವ್ವಾ. ಉಣ್ಣು, ಹಸಗೊಂಡ ಹೋಗಬ್ಯಾಡ" ಅಂದಳು. ಗಿಡದ ಮೇಲೆ ಒಂದು ರೆಕ್ಕೆಯೂ ಅಲುಗಲಿಲ್ಲ. ನನ್ನನ್ನು ಸಾಕಿದವಳು ಹಸಿದು ನಿಂತಿದ್ದಾಳೆ, ನಾನು ಮಾಡಿದ ಅನ್ನವನ್ನು ಬೇಡ ಅನ್ನುತ್ತಿದ್ದಾಳೆ.

ಅನ್ನ ಅವಳ ಕೈಯ ಹಾಗೆ ಉದುರಾಗಿಲ್ಲವೇನೋ ಎಂದು ಯಾರೋ ಅಂದರು. ಮತ್ತೊಮ್ಮೆ ಮಾಡಿ ತರುತ್ತೇನೆ ಎಂದು ನಾನು ಮನೆಗೆ ಓಡಿದೆ.

ಅಂದು ಸಂತೆಯ ದಿನ. ಅಕ್ಕಿ ನೆನೆಯಿಟ್ಟು ಸ್ಟೋವಿಗೆ ಪಂಪು ಹೊಡೆಯುತ್ತಿದ್ದಾಗ ಹಿತ್ತಲ ಬಾಗಿಲಲ್ಲಿ, "ಅಕ್ಕಾರ, ಅದೀರೇನ್ರಿ?" ಎಂದು ದನಿ ಬಂತು. ಘೋಡಗೇರಿಯ ಕುರುಬರ ಹೆಂಗಸು, ಸಂತೆಗೊಮ್ಮೆ ಬೆಣ್ಣೆ ತರುವವಳು. ಕಾಕುವನ್ನು ಅಕ್ಕಾರು ಎಂದು ಕರೆಯುತ್ತ ವರ್ಷಗಟ್ಟಲೆ ನಮ್ಮ ಹಿತ್ತಲಿಗೆ ಬಂದವಳು. ಸುದ್ದಿ ಅವಳಿಗೆ ಮುಟ್ಟಿರಲಿಲ್ಲ. ನಾನು ಹೇಳಿದೆ. ಬುಟ್ಟಿ ಇಳಿಸಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಈಗ ಸ್ಟೋವು ಯಾಕೆ ಹಚ್ಚಿದೆ ಎಂದು ಕೇಳಿದಳು. ಕಾಗೆ ಮುಟ್ಟಲಿಲ್ಲ, ಮತ್ತೆ ಅನ್ನ ಮಾಡುತ್ತಿದ್ದೇನೆ ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ಅನ್ನಾ ಯಾಕ ಇಟ್ರಿ ತಂಗಿ? ಅಕ್ಕಾರು ಅನ್ನಾ ಉಣ್ತಿದ್ದಿಲ್ಲಲ್ಲ."

ನನಗೆ ಸಿಟ್ಟು ಬಂತು. ಹಾಗಂದರೇನು, ಇಷ್ಟು ವರ್ಷ ನಾವೇನು ಕುರುಡರೇ ಎಂದು ಕೇಳಿದೆ. ಅವಳು ಬುಟ್ಟಿಯಿಂದ ಒಂದು ಅರಿವೆಯ ಗಂಟು ತೆಗೆದು ಬಿಚ್ಚಿದಳು. ಒಳಗೆ ಕಟಕ ರೊಟ್ಟಿ, ಬಿಸಿಲಿಗೆ ಒಣಗಿ ಹಪ್ಪಳದಂತೆ ಗಟ್ಟಿಯಾದ ಜೋಳದ ರೊಟ್ಟಿ, ಜೊತೆಗೆ ಎಲೆಯಲ್ಲಿ ಕಟ್ಟಿದ ಕೆಂಪು ಚಟ್ನಿ. ಪ್ರತಿ ಸಂತೆಗೆ ಕಾಕುವಿಗೆ ಎಂದು ತರುತ್ತಿದ್ದಳಂತೆ. ಸಂತೆಯ ದಿನ ಕಾಕುವಿನ ತಾಟಿನ ಬಾಸಮತಿ ಇವಳು ಉಣ್ಣುವಳು, ಉಳಿದ ದಿನ ಅದು ಹಿತ್ತಲಲ್ಲಿ ಎಮ್ಮೆಯ ಪಾಲು. ಕಾಕುವಿಗೆ ವಾರಕ್ಕಾಗುವಷ್ಟು ರೊಟ್ಟಿ ಅಕ್ಕಿಯ ಡಬ್ಬಿಯ ಹಿಂದಿನ ತಗಡಿನ ಡಬ್ಬಿಯಲ್ಲಿ. ಎದ್ದು ಹೋಗಿ ಆ ಡಬ್ಬಿ ತೆಗೆದು ನೋಡಿದೆ. ಅರ್ಧ ಮುರಿದ ಒಂದು ರೊಟ್ಟಿ ಇತ್ತು. ಆಯಿ ಕಾಕುವಿನ ಮಡಿಲಿನಿಂದ ಝಾಡಿಸಿದ ಚೂರುಗಳು ಆಗ ನೆನಪಾದವು.

ಸ್ಟೋವು ಉರಿಯುತ್ತಲೇ ಇತ್ತು. ಕಟಕ ರೊಟ್ಟಿ ಕಡಿದರೆ ಕಟಕಟ ಎಂದು ಪಡಸಾಲೆಗೆ ಕೇಳುತ್ತದೆ. ಈ ಸ್ಟೋವಿನ ಮುಂದೆ ಕೂತು ಕಡಿದರೆ ಪಕ್ಕದವರಿಗೂ ಕೇಳುವುದಿಲ್ಲ. ಮುಚ್ಚಿದ ಬಾಗಿಲು, ಗಾಳಿ, ಅಲುಗುವ ಉರಿ, ಇಳಿಸಿದ ಮೇಲೂ ಹೊಡೆದ ಪಂಪು, ಊರೆಲ್ಲ ಕೊಂಡಾಡಿದ ಅನ್ನದ ಗುಟ್ಟು ಎಲ್ಲ ಇಷ್ಟೇ. ಹೊರಗೆ ನಾವು ಭಕ್ತಿಯಿಂದ ಕೂತಿದ್ದಾಗ ಒಳಗೆ ನಮ್ಮ ಕಾಕು ರೊಟ್ಟಿ ತಿನ್ನುತ್ತಿದ್ದಳು.

ಅನ್ನ ಕಾಕುವಿಗೆ ಯಾಕೆ ಬೇಡವಾಗಿತ್ತು ಎಂದು ಬೆಣ್ಣೆಯವಳನ್ನು ಕೇಳಿದೆ.

"ಅನ್ನದಾಗ ಸಪ್ಪಳಾನ ಇಲ್ಲ ಅಂತಿದ್ರು. ರೊಟ್ಟಿ ಕಡದ್ರ ತಲಿತುಂಬ ಸಪ್ಪಳ ಆಗತೈತಿ, ಉಂಡಂಗ ಆಗತೈತಿ ಅಂತಿದ್ರು" ಅಂದಳು.

ರೊಟ್ಟಿ ಬೇಕಾದರೆ ನಮ್ಮ ಮನೆಯಲ್ಲೇ ದಿನಾ ಬುಟ್ಟಿ ತುಂಬ ಇರುತ್ತಿತ್ತಲ್ಲ ಅಂದೆ. ಅವಳು ಅದನ್ನೂ ಒಮ್ಮೆ ಕಾಕುವಿಗೆ ಕೇಳಿದ್ದಳಂತೆ. ಅತ್ತೆ ತನ್ನ ಸಲುವಾಗಿ ಊರಿಗೆಲ್ಲ ಎದುರು ನಿಂತು, ನಮ್ಮ ಸೊಸೆ ದಿನಾ ಅನ್ನ ಉಣ್ಣುತ್ತಾಳೆ ಎಂದು ಹೇಳಿಕೊಂಡು ಬಂದಿದ್ದಾರೆ, ಈಗ ರೊಟ್ಟಿ ಬೇಡಿದರೆ ಅವರ ಮಾತು ಸುಳ್ಳಾಗುತ್ತದೆ ಅಂದಿದ್ದಳಂತೆ ಕಾಕು.

ಅಕ್ಕಿಯನ್ನು ನೆನೆದಲ್ಲಿಯೇ ಬಿಟ್ಟು, ಸ್ಟೋವು ಆರಿಸಿ, ಬೆಣ್ಣೆಯವಳನ್ನು ಕರೆದುಕೊಂಡು ಹಳ್ಳಕ್ಕೆ ನಡೆದೆ. ಎಲೆಯಲ್ಲಿ ಅನ್ನದ ಪಕ್ಕ ಒಂದು ಕಟಕ ರೊಟ್ಟಿ, ಅದರ ಮೇಲೆ ಚಟ್ನಿ ಇಟ್ಟು ಹಿಂದೆ ಸರಿದೆ. ಇದೇನು ಎಂದು ಕಾಕಾ ಕೇಳುವ ಮೊದಲೇ ಕಾಗೆ ಇಳಿಯಿತು. ರೊಟ್ಟಿಗೆ ಕೊಕ್ಕು ಹಾಕಿ ಮುರಿಯಿತು. ಆ ಕಟಕ್ ಸಪ್ಪಳ ಅಲ್ಲಿ ನಿಂತ ಎಲ್ಲರಿಗೂ ಕೇಳಿತು. ಕಾಗೆಗೆ ಹಸಿವಾಗಿತ್ತೋ, ಲಿಂಬೆ ತುಪ್ಪ ಹಾಕಿದ ಅನ್ನ ಹಿಡಿಸಲಿಲ್ಲವೋ, ನನಗೆ ಗೊತ್ತಿಲ್ಲ. ಓದಿದವಳು ನಾನು, ಕಾಗೆಯನ್ನು ನಂಬಬೇಕೆಂದು ಯಾರಿಗೂ ಹೇಳುವುದಿಲ್ಲ. ಅಂದು ಮಾತ್ರ ನಾನು ಆ ಕಾಗೆಗೆ ಕೈಮುಗಿದೆ.

ಬೆಣ್ಣೆಯವಳು ಆಯಿಗೆ ಎಲ್ಲ ಹೇಳಿದಳು. ಆಯಿ ನಡುವೆ ಬಾಯಿ ಹಾಕದೆ ಕೇಳಿದ್ದು ಅದೇ ಮೊದಲು. ಕೊನೆಗೆ ಬೆಣ್ಣೆಯವಳು ಇನ್ನೊಂದು ಮಾತು ಹೇಳಿದಳು. ಹೇಳಬಾರದಿತ್ತೋ ಏನೋ. "ನಮ್ಮ ಅತ್ತಿಯವರ ರೊಟ್ಟಿ ಇದಕ್ಕಿಂತ ತೆಳ್ಳಗ ಇರತಾವ, ರುಚಿ ಇರತಾವ, ಒಂದಿನ ಕದ್ದ ತಿಂದೀನಿ ಅಂತಿದ್ರರಿ ಅಕ್ಕಾರು."

ಆಯಿ ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. ದಿನಾ ಬುಟ್ಟಿ ತುಂಬ ಬಡಿದ ಕೈಗಳು ಅವು.

"ಕೇಳಿದ್ರ ನಾ ಇಲ್ಲಂತಿದ್ನೇನ?" ಅಂದಳು.

ಆಮೇಲೆ ಆಯಿ ಬದುಕಿದಷ್ಟು ದಿನ ಒಂದು ಹೊಸ ರೂಢಿ ಮಾಡಿಕೊಂಡಳು. ಮನೆಗೆ ಯಾರೇ ಬರಲಿ, ಬೀಗರಿರಲಿ ಭಿಕ್ಷುಕನಿರಲಿ, ಬಡಿಸುವ ಮೊದಲು ಎದುರಿಗೆ ಕೂತು, ನಿನಗೇನು ಸೇರುತ್ತದೆ, ಖರೆ ಹೇಳು ಎಂದು ಕೇಳುತ್ತಿದ್ದಳು. ಕೆಲವರು ಗಾಬರಿಯಾಗುತ್ತಿದ್ದರು. ನಾನು ಗೋಕಾಕಕ್ಕೆ ಸೊಸೆಯಾಗಿ ಹೋಗುವಾಗ ನನಗೆ ಹೇಳಿದ್ದೂ ಒಂದೇ ಬುದ್ಧಿ: ಬೇಕಾದ್ದನ್ನು ಬಾಯಿಬಿಟ್ಟು ಬೇಡು.

ಕಾಕು ಕಲಿಸಿದ ಅನ್ನ ನನ್ನ ಕೈಯಲ್ಲಿ ಇಂದಿಗೂ ಇದೆ. ಮೊಮ್ಮಕ್ಕಳು ಬಂದಾಗ ಮಾಡುತ್ತೇನೆ, ಅಗುಳಿಗೆ ಅಗುಳು ಹತ್ತುವುದಿಲ್ಲ. ಮುಚ್ಚಳ ಮುಚ್ಚಿದ ಮೇಲೆ ಏನು ಮಾಡಬೇಕೆಂಬುದೂ ಈಗ ಗೊತ್ತಿದೆ. ಅಡಿಗೆಮನೆಯ ಬಾಗಿಲು ಪೂರ್ತಿ ತೆರೆದಿಟ್ಟು, ಮಣೆ ಹಾಕಿಕೊಂಡು ಕೂತು, ಡಬ್ಬಿಯಿಂದ ಒಂದು ಕಟಕ ರೊಟ್ಟಿ ತೆಗೆಯುತ್ತೇನೆ. ಈಗಿನ ಗ್ಯಾಸಿಗೆ ಸಪ್ಪಳವೇ ಇಲ್ಲ. ರೊಟ್ಟಿ ಕಡಿದರೆ ಪಡಸಾಲೆಯ ತನಕ ಕೇಳುತ್ತದೆ. ಕೇಳಲಿ.